ಹಿಮನಾಡಿನ ನಾಯಿಯೂ ನಮ್ಮ ಬಿಸಿಲೂ

ನಾಯಿಯ ಮೇಲಿನ ಅಕ್ಕರೆ ಮಂಡ್ಯದ ಸೀಮೆಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949–50ರ ಶಿಲಾಶಾಸನವೊಂದು ಒಂದು ಬೇಟೆನಾಯಿಯ ಸ್ಮಾರಕವಾಗಿದೆ. ಮಣಲೆರನೆಂಬ ವೀರನು ಗಂಗರ ದೊರೆ ಬೂತುಗನ ಮೆಚ್ಚುಗೆಗೆ ಪಾತ್ರನಾಗಿ ಕಾಳಿ ಎಂಬ ನಾಯಿಯನ್ನು ಪಡೆದನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು, ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನು ಬಿಟ್ಟರು. ಸಾವಿರ ವರ್ಷಗಳಿಗೂ ಹಿಂದೆ ಈ ನೆಲದ ಜನ ಒಂದು ನಾಯಿಯನ್ನು ಅಷ್ಟು ಗೌರವದಿಂದ ಕಂಡರು.

ಈಗ ಇದೇ ಸೀಮೆಗೆ ಮತ್ತೊಂದು ನಾಯಿ ಬಂದಿದೆ. ನೀಲಿ ಕಣ್ಣು, ತೋಳದ ಮುಖ, ದಟ್ಟವಾದ ರೋಮ, ಬೆನ್ನಿನ ಮೇಲಕ್ಕೆ ಬಾಗಿದ ಪೊದೆಬಾಲ: ಇದು ಸೈಬೀರಿಯನ್ ಹಸ್ಕಿ. ಬೆಂಗಳೂರು ಮೈಸೂರುಗಳಲ್ಲಿ ಯಾರಿಗೂ ಅಚ್ಚರಿಯಾಗಿ ಉಳಿಯದ ಈ ಪ್ರಾಣಿ, ಶ್ರೀರಂಗಪಟ್ಟಣ, ಪಾಂಡವಪುರಗಳ ಮನೆಯಂಗಳಗಳಲ್ಲಿಯೂ ಕಾಣಿಸಿಕೊಳ್ಳತೊಡಗಿದೆ. ಇದನ್ನು ತರಬೇಕೆಂದು ಹಟ ಹಿಡಿಯುವವರು ಸಾಮಾನ್ಯವಾಗಿ ಮನೆಯ ವಿದ್ಯಾರ್ಥಿಗಳು. ಆದುದರಿಂದ ವಿದ್ಯಾರ್ಥಿ ಮಿತ್ರರೊಡನೆಯೇ ಈ ವಿಷಯವನ್ನು ವಿಚಾರಮಾಡುವುದು ಉಚಿತವೆಂದು ತೋರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಸ್ಕಿಯನ್ನು ಹೊಸದಾಗಿ ಕೊಂಡು ತರುವುದು ನಮ್ಮ ಬಯಲುಸೀಮೆಗೆ ಸಲ್ಲದು. ಆದರೆ ಈಗಾಗಲೇ ಬಂದಿರುವ ಹಸ್ಕಿಯನ್ನು ಆರೋಗ್ಯವಾಗಿ ಸಾಕಲು ಸಾಧ್ಯವುಂಟು. ಅದಕ್ಕೆ ಅಕ್ಕರೆಯೊಂದೇ ಸಾಲದು. ಶಾಖದ ಲೆಕ್ಕವೂ ತಿಳಿದಿರಬೇಕು.

ಎರಡು ಪದರದ ಕಂಬಳಿ

ಏಷ್ಯಾ ಖಂಡದ ಈಶಾನ್ಯದ ತುದಿಯಲ್ಲಿ ವಾಸಿಸುವ ಚುಕ್ಚಿ ಜನರು ಹಿಮದ ಮೇಲೆ ಜಾರುಬಂಡಿಗಳನ್ನು ಎಳೆಯಲು ಬೆಳೆಸಿದ ನಾಯಿಗಳ ಸಂತತಿಯೇ ಹಸ್ಕಿ. 1925ರ ಚಳಿಗಾಲದಲ್ಲಿ ಅಲಾಸ್ಕದ ನೋಮ್ ಎಂಬ ಊರಿನಲ್ಲಿ ಗಂಟಲಮಾರಿ, ಎಂದರೆ ಡಿಫ್ತೀರಿಯಾ ಕಾಣಿಸಿಕೊಂಡಾಗ, ಅದರ ಮದ್ದನ್ನು ಸುಮಾರು 1,085 ಕಿಲೋಮೀಟರು ದೂರದಿಂದ ತಂದು ಮುಟ್ಟಿಸಿದುವು ನಾಯಿಬಂಡಿಗಳೇ. ಇಪ್ಪತ್ತು ಮಂದಿ ಸಾರಥಿಗಳು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತ ಐದೂವರೆ ದಿನಗಳೊಳಗೆ ಈ ಕಾರ್ಯವನ್ನು ಮುಗಿಸಿದರು. ಟೋಗೊ, ಬಾಲ್ಟೊ ಎಂಬ ಮುಂದಾಳು ನಾಯಿಗಳ ಹೆಸರು ಅಂದಿನಿಂದ ಲೋಕಪ್ರಸಿದ್ಧವಾಯಿತು.

ಅಂತಹ ಚಳಿಯಲ್ಲಿ ಈ ನಾಯಿ ಬದುಕುವುದು ಹೇಗೆ? ಅದರ ಮೈಮೇಲೆ ಎರಡು ಪದರಗಳಿವೆ. ಹೊರಗೆ ಒರಟಾದ ನೀಳಗೂದಲು. ಒಳಗೆ ಹತ್ತಿಯಂತೆ ಮೃದುವಾಗಿ ಒತ್ತಾಗಿರುವ ತುಪ್ಪಟ. ಶಾಖವನ್ನು ತಡೆಯುವುದು ನಿಜವಾಗಿ ಕೂದಲಲ್ಲ, ತುಪ್ಪಟದ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗದೆ ನಿಂತ ಗಾಳಿ. ಗಾಳಿಯು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ನೀರು ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗಿಸುತ್ತದೆ. ನಮ್ಮ ಕುರುಬರ ಕಂಬಳಿಯ ಗುಟ್ಟೂ ಇದೇ.

ಈಗ ನ್ಯೂಟನ್ನನ ನಿಯಮವನ್ನು ನೆನಪಿಗೆ ತಂದುಕೊಳ್ಳಿರಿ. ಬಿಸಿಯಾದ ವಸ್ತುವಿನಿಂದ ಹೊರಕ್ಕೆ ಹರಿಯುವ ಶಾಖವು ವಸ್ತುವಿಗೂ ಸುತ್ತಣ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಗುಣವಾಗಿರುತ್ತದೆ. ಆರೋಗ್ಯವಂತ ನಾಯಿಯ ಮೈಯ ಉಷ್ಣತೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಅಂತರ 78.5 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ, ಶ್ರೀರಂಗಪಟ್ಟಣದ ನೆರಳಿನಲ್ಲಿ 36 ಡಿಗ್ರಿ ಇದ್ದಾಗ ಅಂತರ ಎರಡೂವರೆ ಡಿಗ್ರಿ ಮಾತ್ರ. ಅಲ್ಲಿ ಕಂಬಳಿಯ ಮೂಲಕ ಮೂವತ್ತೊಂದು ಪಾಲು ಶಾಖ ಹೊರಹೋಗುತ್ತಿದ್ದರೆ ಇಲ್ಲಿ ಹೋಗುವುದು ಒಂದೇ ಪಾಲು. ಮೈಯೊಳಗಿನ ಒಲೆಯಾದರೋ ಎರಡೆಡೆಯಲ್ಲಿಯೂ ಉರಿಯುತ್ತಲೇ ಇರುತ್ತದೆ.

ನಾಲಗೆಯೇ ಬಾಗಿಲು

ಆ ಒಲೆ ಎಷ್ಟು ದೊಡ್ಡದು? 25 ಕಿಲೋಗ್ರಾಂ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ಸುಮಾರು 38 ವ್ಯಾಟುಗಳಷ್ಟು ಶಾಖವನ್ನು ಉತ್ಪಾದಿಸುತ್ತದೆ. ಅದರೊಳಗೆ 40 ವ್ಯಾಟಿನ ಬಲ್ಬೊಂದು ಹಗಲಿರುಳೂ ಉರಿಯುತ್ತಿದೆಯೆಂದು ಭಾವಿಸಬಹುದು. ಕಂಬಳಿಯ ದಾರಿ ಮುಚ್ಚಿಹೋದ ಮೇಲೆ ಈ ಶಾಖಕ್ಕೆ ಉಳಿಯುವ ಮುಖ್ಯ ದಾರಿ ನೀರಿನ ಆವಿ. ಮನುಷ್ಯನು ಮೈಯೆಲ್ಲ ಬೆವರುತ್ತಾನೆ. ನಾಯಿಗೆ ಆ ಭಾಗ್ಯವಿಲ್ಲ. ಅದು ಬೆವರುವುದು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ. ಉಳಿದ ಕೆಲಸವನ್ನೆಲ್ಲ ಮೂಗು, ಬಾಯಿ, ನಾಲಗೆಗಳ ಒದ್ದೆಯ ಮೇಲ್ಮೈ ಮಾಡಬೇಕು. ನಾಯಿ ತೇಕುವುದು ಇದಕ್ಕಾಗಿ.

ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2,400 ಜೂಲುಗಳಷ್ಟು ಶಾಖವನ್ನು ಗುಪ್ತೋಷ್ಣವಾಗಿ ಒಯ್ಯುತ್ತದೆ. ಈ ಎರಡು ಅಂಕಿಗಳನ್ನು ಭಾಗಿಸಿ ನೋಡಿದರೆ, ಶಾಖವೆಲ್ಲ ಆವಿಯಿಂದಲೇ ಹೋಗಬೇಕಾದಾಗ ಮಲಗಿರುವ ಹಸ್ಕಿಗೂ ಗಂಟೆಗೆ 60 ಗ್ರಾಂಗಳಷ್ಟು ನೀರು ಬೇಕೆಂದು ತಿಳಿಯುತ್ತದೆ. ಬಿಸಿಲುಗಾಲದಲ್ಲಿ ನೀರಿನ ಬಟ್ಟಲು ಬರಿದಾಗಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ತೇಕುವಿಕೆಯಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ಸಂತೋಷವನ್ನು ಕೊಡುವ ಸಂಗತಿಯೊಂದಿದೆ. ತೇಕುವ ನಾಯಿಯ ಉಸಿರು ನಿಮಿಷಕ್ಕೆ 300 ಬಾರಿಗೂ ಮೀರುತ್ತದೆ. ಇಷ್ಟು ವೇಗವಾಗಿ ಪಕ್ಕೆಲುಬುಗಳನ್ನು ಆಡಿಸಿದರೆ ಆ ಶ್ರಮದಿಂದಲೇ ಮೈ ಬಿಸಿಯಾಗಬೇಕಲ್ಲವೇ? ಆಗುವುದಿಲ್ಲ. ಆ ವೇಗವು ನಾಯಿಯ ಉಸಿರಾಟದ ಅಂಗಗಳ ಸಹಜ ಕಂಪನಸಂಖ್ಯೆಗೆ ಸರಿಹೊಂದುತ್ತದೆಂಬುದನ್ನು 1962ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಜೋಕಾಲಿಯನ್ನು ಅದರ ಲಯ ಹಿಡಿದು ತಳ್ಳಿದರೆ ಬೆರಳಿನ ಬಲವೇ ಸಾಕಾಗುವಂತೆ, ಅನುರಣನದ ನೆರವಿನಿಂದ ನಾಯಿ ಕಡಿಮೆ ಶ್ರಮದಲ್ಲಿ ತೇಕಬಲ್ಲುದು.

ಆದರೆ ಈ ಯಂತ್ರಕ್ಕೂ ಮಿತಿಯುಂಟು. ಓಡಿ ಆಡುವ ನಾಯಿಯಲ್ಲಿ ಶಾಖದ ಉತ್ಪತ್ತಿ ಸುಲಭವಾಗಿ ಹತ್ತು ಪಟ್ಟಾಗುತ್ತದೆ. ಅದರಲ್ಲಿ ಅರ್ಧದಷ್ಟು ಹೊರಹೋಗದೆ ಉಳಿಯಿತೆಂದು ಇಟ್ಟುಕೊಳ್ಳೋಣ. ಆಗ ಮೈಯ ಉಷ್ಣತೆ ಹೆಚ್ಚುಕಡಮೆ ಎಂಟು ನಿಮಿಷಕ್ಕೊಂದು ಡಿಗ್ರಿಯಂತೆ ಏರುತ್ತದೆ. ಇಪ್ಪತ್ತೇ ನಿಮಿಷಗಳಲ್ಲಿ 41 ಡಿಗ್ರಿಯನ್ನು ಮುಟ್ಟುತ್ತದೆ. ಅದರಿಂದ ಮೇಲೆ ಮಿದುಳು, ಮೂತ್ರಪಿಂಡ, ಕರುಳುಗಳಿಗೆ ಹಾನಿ ತಟ್ಟುವ ಅಪಾಯವಿದೆ. ಇದು ಒರಟು ಲೆಕ್ಕವೇ ಸರಿ. ಆದರೂ ಬೇಸಗೆಯ ಬಿಸಿಲಿನಲ್ಲಿ ಮಕ್ಕಳು ಅರ್ಧ ಗಂಟೆ ಚೆಂಡೆಸೆದು ಹಸ್ಕಿಯನ್ನು ಓಡಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇಷ್ಟು ಸಾಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆವಿಯ ಬಾಗಿಲೂ ಅರ್ಧ ಮುಚ್ಚಿದಂತೆಯೇ. ಆದುದರಿಂದ ಮಳೆ ಬಂದು ನಿಂತ ಮೇಲಿನ 30 ಡಿಗ್ರಿಯ ಧಗೆ ಏಪ್ರಿಲಿನ ಒಣಗಾಳಿಯ 34 ಡಿಗ್ರಿಗಿಂತ ಕಷ್ಟಕರವಾಗಬಹುದು.

ಮನೆಯಲ್ಲಿ ಮಾಡಬೇಕಾದುದು

ಹಸ್ಕಿಯಿರುವ ಮನೆಯವರು ಮೊದಲು ವೇಳಾಪಟ್ಟಿಯನ್ನು ಬದಲಾಯಿಸಿಕೊಳ್ಳಬೇಕು. ಬೇಸಗೆಯಲ್ಲಿ ನಡಿಗೆ ಸೂರ್ಯೋದಯಕ್ಕೆ ಮೊದಲು ಮತ್ತು ರಾತ್ರಿ ನೆಲ ತಣಿದ ಮೇಲೆ. ಡಾಂಬರಿನ ರಸ್ತೆ ಸಂಜೆಯಾದರೂ ಕಾದೇ ಇರುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲಿಟ್ಟು ಏಳು ಎಣಿಸುವವರೆಗೆ ತಾಳಲಾಗದಿದ್ದರೆ ನಾಯಿಯ ಅಂಗಾಲೂ ತಾಳದು. ನಿಲ್ಲಿಸಿದ ಕಾರಿನೊಳಗೆ, ಕಿಟಕಿಯನ್ನು ಬೆರಳಗಲ ತೆರೆದಿಟ್ಟರೂ, ಐದು ನಿಮಿಷವೂ ಬಿಡಬಾರದು.

ಎರಡನೆಯದು ಜಾಗ. ತಾರಸಿಯ ಮೇಲೆ ತಗಡಿನ ಮಾಡಿನ ಕೆಳಗೆ ಕಟ್ಟುವುದು ನಾಯಿಯನ್ನು ಒಲೆಯ ಪಕ್ಕದಲ್ಲಿ ಕಟ್ಟಿದಂತೆ. ಕಾದ ತಗಡು ನೆರಳನ್ನು ಕೊಟ್ಟರೂ ಕೆಳಮುಖವಾಗಿ ಶಾಖವನ್ನು ವಿಕಿರಣಮಾಡುತ್ತಿರುತ್ತದೆ. ಶ್ರೀರಂಗಪಟ್ಟಣದವರು ಇದಕ್ಕೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1784ರಲ್ಲಿ ಕಟ್ಟಿದ ಬೇಸಗೆ ಅರಮನೆ ದರಿಯಾ ದೌಲತ್ತನ್ನು ನೋಡಿರಿ: ಸುತ್ತಲೂ ಅಗಲವಾದ ಮೊಗಸಾಲೆ, ಗೋಡೆಗೆ ಬಿಸಿಲು ತಾಗದಂತೆ ಮುಂಚಾಚಿದ ಮಾಡು, ಹೊರಗೆ ತೋಟ. ನಮ್ಮ ಹಳ್ಳಿಗಳ ತೊಟ್ಟಿಮನೆಯೂ ಅದೇ ತತ್ತ್ವದ್ದು. ಇಂತಹ ಮನೆಯ ನಡುಮನೆಯ ನೆಲ ಹಸ್ಕಿಗೆ ಯಾವ ಹಾಸಿಗೆಗಿಂತಲೂ ಮೇಲು. ಹೊಟ್ಟೆಯ ಮೇಲೆ ಕೂದಲು ತೆಳುವಾಗಿರುವುದರಿಂದ, ತಣ್ಣನೆಯ ನೆಲಕ್ಕೆ ಹೊಟ್ಟೆಯನ್ನು ಚಾಚಿ ಮಲಗಿದಾಗ ಶಾಖ ವಹನದಿಂದ ಇಳಿಯುತ್ತದೆ. ಫ್ಯಾನಿನ ಗಾಳಿ, ಕಿಟಕಿಗೆ ಕಟ್ಟಿದ ಒದ್ದೆ ಗೋಣಿತಟ್ಟು ಒಣಗಾಳಿಯ ದಿನಗಳಲ್ಲಿ ಬಹಳ ಉಪಯುಕ್ತ. ಮುಂಗಾರಿನ ತೇವದಲ್ಲಿ ಗೋಣಿಯಿಂದ ಪ್ರಯೋಜನವಿಲ್ಲ.

ಹೊಳೆ ಹತ್ತಿರವಿದೆಯೆಂದು ನಾಯಿಯನ್ನು ಅಲ್ಲಿ ಈಜಿಸಲು ಹೋಗಬೇಡಿ. ರಂಗನತಿಟ್ಟಿನ ಆಸುಪಾಸಿನ ಕಾವೇರಿಯಲ್ಲಿ ಮೊಸಳೆಗಳಿವೆ. ನಾಲೆಗಳ ಸೆಳೆತವೂ ಕಡಿಮೆಯದಲ್ಲ. ಗದ್ದೆಯ ನಿಂತ ನೀರಿನಿಂದ ಇಲಿಜ್ವರ ಅಂಟುವುದುಂಟು. ಮನೆಯಂಗಳದಲ್ಲಿ ಮೊಣಕಾಲುದ್ದದ ತೊಟ್ಟಿಯೊಂದು ಸಾಕು.

ಇನ್ನು ಕೂದಲಿನ ಪ್ರಶ್ನೆ. “ಕೂದಲನ್ನು ಬೋಳಿಸಿಬಿಟ್ಟರೆ ತಂಪಾಗುವುದಿಲ್ಲವೇ, ಸಾರ್?” ಎಂದು ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ತರ್ಕಬದ್ಧವಾಗಿದೆ, ಆದರೆ ಉತ್ತರ ಬೇಡವೆಂದೇ. ಹೊರಗೂದಲು ಬಿಸಿಲಿನ ನೇರ ವಿಕಿರಣವನ್ನು ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ. ಮತ್ತೆ ಬೆಳೆಯುವ ಕೂದಲು ಕೆಲವು ನಾಯಿಗಳಲ್ಲಿ ತೇಪೆತೇಪೆಯಾಗಿ ಬರುತ್ತದೆ. ತೆಗೆಯಬೇಕಾದುದು ಸತ್ತು ಉದುರಿ ಒಳಗೆ ಗಂಟುಕಟ್ಟಿದ ತುಪ್ಪಟವನ್ನು. ವಾರಕ್ಕೆ ಎರಡು ಮೂರು ಬಾರಿ, ಕೂದಲು ಉದುರುವ ಕಾಲದಲ್ಲಿ ಪ್ರತಿದಿನವೂ, ನೀಳಹಲ್ಲಿನ ಬಾಚಣಿಗೆಯಿಂದ ಬುಡದವರೆಗೆ ಬಾಚಬೇಕು. ಆಗ ಗಾಳಿ ಚರ್ಮದವರೆಗೆ ಆಡುತ್ತದೆ. ಸ್ನಾನ ಮಾಡಿಸಿದರೆ ತುಪ್ಪಟದ ಬುಡ ಒಣಗುವವರೆಗೆ ಬಿಡಬಾರದು. ಒಳಗೆ ತೇವ ನಿಂತರೆ ಚರ್ಮದಲ್ಲಿ ಹುಣ್ಣಾಗುತ್ತದೆ.

ಬಾಚುವಾಗಲೇ ಉಣುಗು, ಎಂದರೆ ಉಣ್ಣೆಹುಳುಗಳಿಗಾಗಿ ಕಿವಿಯ ಒಳಮೈ, ಕತ್ತು, ಬೆರಳುಗಳ ಸಂದುಗಳನ್ನು ಹುಡುಕಬೇಕು. ದನಕರುಗಳೂ ಬೀದಿನಾಯಿಗಳೂ ಇರುವ ನಮ್ಮ ಊರುಗಳಲ್ಲಿ ಉಣುಗಿನಿಂದ ಹರಡುವ ಜ್ವರ ಸಾಮಾನ್ಯವಾದುದು. ದಟ್ಟ ತುಪ್ಪಟದೊಳಗೆ ಹುಳು ಅಡಗಿರುವುದು ಕಣ್ಣಿಗೆ ಬೀಳುವುದಿಲ್ಲ. ಮಂಕುತನ, ಮೇವು ಬಿಡುವುದು, ವಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸುವುದು ನಾಯಿಗೆ ಮಾತ್ರವಲ್ಲ, ಮನೆಯ ಮಕ್ಕಳಿಗೂ ರಕ್ಷೆ. ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವುದು ಹೆಚ್ಚುಕಡಮೆ ಅಸಾಧ್ಯ.

ಆಹಾರದ ವಿಷಯದಲ್ಲಿ ನಮ್ಮ ಸೀಮೆಗೆ ವಿಶೇಷವಾದ ಎಚ್ಚರಿಕೆಯೊಂದಿದೆ. ಈ ತಳಿಯ ಕೆಲವು ನಾಯಿಗಳು ಆಹಾರದಲ್ಲಿನ ಸತುವನ್ನು ಸರಿಯಾಗಿ ಹೀರಿಕೊಳ್ಳಲಾರವು. ಅವುಗಳ ಕಣ್ಣು ಬಾಯಿಗಳ ಸುತ್ತ ಕೂದಲುದುರಿ ಹೊಪ್ಪಳೆ ಕಟ್ಟುತ್ತದೆ. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಪದಾರ್ಥ ಸತುವನ್ನು ಹಿಡಿದಿಟ್ಟುಕೊಂಡು ಈ ಕೊರತೆಯನ್ನು ಹೆಚ್ಚಿಸುತ್ತದೆ. ನಮಗೆ ಶಕ್ತಿಯನ್ನು ಕೊಡುವ ರಾಗಿಯಲ್ಲಿಯೂ ಅದಿದೆ. ಆದುದರಿಂದ ಹಾಲು ಮುದ್ದೆಯೊಂದರಲ್ಲೇ ಹಸ್ಕಿಯನ್ನು ಸಾಕುವುದು ತಕ್ಕದ್ದಲ್ಲ. ಮಾಂಸ, ಮೊಟ್ಟೆಗಳು ಮುಖ್ಯವಾಗಿರಬೇಕು. ಸತುವಿನ ಮಾತ್ರೆಯನ್ನು ಪಶುವೈದ್ಯರು ಹೇಳಿದರೆ ಮಾತ್ರ ಕೊಡಬೇಕು. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು, ಒಣದ್ರಾಕ್ಷಿಯ ಪಾಯಸ, ಚಾಕೊಲೇಟು, ಬೇಯಿಸಿದ ಕೋಳಿಮೂಳೆ ಇವು ಯಾವ ನಾಯಿಗೂ ಸಲ್ಲವು.

ಬಿಸಿಲು ಬಡಿದಾಗ

ನಿಲ್ಲದ ತೇಕು, ಅಂಟಾದ ಜೊಲ್ಲು, ಕೆಂಪೇರಿದ ವಸಡು, ತೂರಾಡುವ ನಡಿಗೆ, ವಾಂತಿ: ಇವು ಶಾಖಾಘಾತದ ಗುರುತುಗಳು. ಆಗ ಮೊದಲು ತಣಿಸಬೇಕು, ಅನಂತರ ಆಸ್ಪತ್ರೆಗೆ ಒಯ್ಯಬೇಕು. ಈ ಕ್ರಮವನ್ನು ಮರೆಯಬಾರದು. ನಾಯಿಯನ್ನು ನೆರಳಿಗೆ ತಂದು, ತುಪ್ಪಟದ ಬುಡ ನೆನೆಯುವಂತೆ ಬಾವಿಯ ಇಲ್ಲವೆ ನಲ್ಲಿಯ ನೀರನ್ನು ಮೈಮೇಲೆ ಸುರಿಯುತ್ತ ಬಲವಾಗಿ ಗಾಳಿ ಬೀಸಬೇಕು. ಬಿಸಿಲಿನಲ್ಲಿ ಬಿದ್ದಿದ್ದ ಕೊಳವೆಯ ಮೊದಲ ನೀರು ಕಾದಿರುತ್ತದೆ, ಅದನ್ನು ಚೆಲ್ಲಿಬಿಡಿ. ಒದ್ದೆ ಟವೆಲನ್ನು ಹೊದಿಸಿ ಬಿಟ್ಟರೆ ಅದು ಬೇಗನೆ ಬೆಚ್ಚಗಾಗಿ ಆವಿಯ ದಾರಿಯನ್ನೇ ಮುಚ್ಚುತ್ತದೆ. ನಾಯಿಗೆ ಪ್ರಜ್ಞೆಯಿದ್ದರೆ ಸ್ವಲ್ಪ ಸ್ವಲ್ಪ ನೀರನ್ನು ಅದಾಗಿಯೇ ಕುಡಿಯಲು ಬಿಡಬೇಕು, ಬಾಯಿಗೆ ಹೊಯ್ಯಬಾರದು. ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರಿಗೆ ತೋರಿಸಲೇಬೇಕು. ಒಳಗಿನ ಅಂಗಗಳ ಹಾನಿ ಮರುದಿನ ಹೊರಬೀಳುವುದುಂಟು.

ಎರಡು ಆಕ್ಷೇಪಗಳು

ನಮ್ಮ ನಾಯಿ ಬೆಂಗಳೂರಿನಲ್ಲೇ ಹುಟ್ಟಿದ್ದು, ಅದಕ್ಕೆ ಬಿಸಿಲು ಒಗ್ಗಿದೆ ಎನ್ನುವವರಿದ್ದಾರೆ. ಇದರಲ್ಲಿ ಅಲ್ಪ ಸತ್ಯವಿದೆ. ಬೆಚ್ಚನೆಯ ಹವೆಯಲ್ಲಿ ಬೆಳೆದ ಹಸ್ಕಿಯ ತುಪ್ಪಟ ಒಂದಿಷ್ಟು ತೆಳುವಾಗುತ್ತದೆ. ನಿಧಾನವಾಗಿ ರೂಢಿಸಿದರೆ ಮೈಯೂ ಸ್ವಲ್ಪಮಟ್ಟಿಗೆ ಹೊಂದಿಕೊಳ್ಳುತ್ತದೆ. ಆದರೆ ಅನೇಕ ತಲೆಮಾರುಗಳ ಆಯ್ಕೆಯಿಂದ ರೂಪುಗೊಂಡ ಮೈಕಟ್ಟು, ಎಲ್ಲಿ ಹುಟ್ಟಿದೆಯೆಂಬುದನ್ನು ನೋಡಿ ಬದಲಾಗುವುದಿಲ್ಲ.

ಮನೆಯಲ್ಲಿ ಹವಾನಿಯಂತ್ರಣವಿದೆ ಎನ್ನುವುದು ಎರಡನೆಯ ಮಾತು. ಯಂತ್ರ ಕೋಣೆಯನ್ನು ತಣಿಸುತ್ತದೆ, ಸಂದೇಹವಿಲ್ಲ. ಆದರೆ ಹಸ್ಕಿ ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿ. ದಿನವೆಲ್ಲ ಒಂದು ಕೋಣೆಯಲ್ಲಿ ಕೂಡಿಟ್ಟರೆ ಬಾಗಿಲನ್ನು ಕೆರೆಯುತ್ತದೆ, ಊಳಿಡುತ್ತದೆ, ಬೇಲಿಯಡಿ ತೋಡಿ ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಂಡು ಹೋಗಿ ನೆರೆಯವರ ಕೋಳಿಯನ್ನೋ ಬಂಡೂರು ಕುರಿಮರಿಯನ್ನೋ ಹಿಡಿದರೆ ತಪ್ಪು ಯಾರದು? ತೋಟಕ್ಕೆ ಕಾವಲಾಗುತ್ತದೆಂಬ ಆಸೆಯೂ ಹುಸಿ. ಅಪರಿಚಿತರನ್ನೂ ಬಾಲವಾಡಿಸಿ ಬರಮಾಡಿಕೊಳ್ಳುವುದು ಈ ತಳಿಯ ಸ್ವಭಾವ. ವಿದ್ಯುತ್ತು ನಿಂತ ಮೇ ತಿಂಗಳ ಮಧ್ಯಾಹ್ನ ಏನು ಮಾಡುವಿರೆಂಬ ಪ್ರಶ್ನೆಗೂ ಉತ್ತರ ಬೇಕು.

ವಾಣಿಜ್ಯದ ಸಂತಾನವೃದ್ಧಿಗಾಗಿ ವಿದೇಶಿ ನಾಯಿಗಳನ್ನು ತರಿಸುವುದಕ್ಕೆ ಭಾರತ ಸರ್ಕಾರವು 2016ರಲ್ಲಿ ಕಡಿವಾಣ ಹಾಕಿತು. ನಾಯಿಮರಿಗಳ ಸಂತಾನವೃದ್ಧಿ, ಮಾರಾಟಗಳಿಗೆ 2017ರಲ್ಲಿ ನಿಯಮಗಳೂ ಬಂದುವು. ಆದರೆ ಕೊಳ್ಳುವವರು ಇರುವವರೆಗೆ ಮಾರುವವರೂ ಇರುತ್ತಾರೆ. ಬೇಡಿಕೆಯನ್ನು ಕಡಿಮೆಮಾಡುವುದು ಕಾನೂನಿಗಿಂತ ಹೆಚ್ಚಾಗಿ ನಮ್ಮ ತಿಳಿವಳಿಕೆಯ ಕೆಲಸ.

ನಾಯಿ ಬೇಕೆನ್ನುವವರಿಗೆ ಈ ನೆಲದ ನಾಯಿಗಳಿಗೇನೂ ಬರವಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನು ನೋಡಿರಿ: ತೆಳುಚರ್ಮ, ಗಿಡ್ಡಗೂದಲು, ಸಪೂರವಾದ ನೀಳ ಮೈ. ತೂಕಕ್ಕೆ ಹೋಲಿಸಿದರೆ ಮೈಯ ಹೊರಹರವು ಹೆಚ್ಚು. ಶಾಖ ಸಲೀಸಾಗಿ ಹೊರಹೋಗುತ್ತದೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗಾಗಿ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಇದಕ್ಕೂ ಓಡಲು ವಿಶಾಲವಾದ ಜಾಗ ಬೇಕೆಂಬುದನ್ನು ಮರೆಯಬಾರದು. ಜಾಗ ಕಡಿಮೆಯಿರುವ ಮನೆಗೆ, ನಾವು ಕಂತ್ರಿಯೆಂದು ಹೀಗಳೆಯುವ ಬೀದಿನಾಯಿಯ ಮರಿಯೇ ಸಾಕು. ಈ ಹವೆಯನ್ನು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರೇ, ಭೌತಶಾಸ್ತ್ರವನ್ನು ನೀವು ಪರೀಕ್ಷೆಗೆಂದು ಓದುತ್ತೀರಿ. ವಹನ, ವಿಕಿರಣ, ಗುಪ್ತೋಷ್ಣಗಳು ಪ್ರಶ್ನೆಪತ್ರಿಕೆಯಲ್ಲಿ ಐದು ಅಂಕಗಳ ವಿಷಯ. ಆದರೆ ನಿಮ್ಮ ಬೀದಿಯ ತಾರಸಿಯೊಂದರಲ್ಲಿ ತೇಕುತ್ತ ಮಲಗಿರುವ ಪ್ರಾಣಿಗೆ ಅವು ಉಸಿರಿನ ವಿಷಯ. ಮನೆಗೆ ಹಸ್ಕಿಮರಿಯನ್ನು ತರುವ ಮಾತು ಬಂದರೆ ಬೇಡವೆನ್ನಿರಿ, ಏಕೆಂಬುದನ್ನು ಲೆಕ್ಕದೊಡನೆ ವಿವರಿಸಿರಿ. ನೆರೆಮನೆಯಲ್ಲಿ ಈಗಾಗಲೇ ಒಂದಿದ್ದರೆ, ಈ ಭಾನುವಾರವೇ ಹೋಗಿ ಆ ಮನೆಯವರೊಡನೆ ಮಾತನಾಡಿರಿ. ಅದನ್ನು ತಗಡಿನ ಕೆಳಗಿನಿಂದ ನಡುಮನೆಗೆ ತರಲು ಅವರನ್ನು ಒಪ್ಪಿಸಿದರೆ ನೀವು ಓದಿದ ಶಾಸ್ತ್ರ ಸಾರ್ಥಕವಾದಂತೆ.